ಅಳಿಯನ ಮುತ್ತಜ್ಜನ ಅಪ್ಪ ಬಂದ ಹಡಗು

ನಮ್ಮ ಅಳಿಯನ ಮನೆತನ ನಾರ್ವೆಯಿಂದ ಅಮೆರಿಕದ ಮಿನೆಸೋಟಕ್ಕೆ ಬಂದದ್ದು. ಅವನ ಮುತ್ತಜ್ಜನ ಅಪ್ಪ ಬಂದ ದಾರಿ ಹುಡುಕಿಕೊಡುತ್ತೇನೆಂದು, ಮಗಳ ಮನೆಯಲ್ಲಿದ್ದ ಚಳಿಗಾಲವಿಡೀ ಕೂತೆ. ಮೂವತ್ತು ವರ್ಷ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಳೇ ಕೈಬರಹ ಓದಿದವನಿಗೆ ಇದೇನು ಮಹಾ ಅನ್ನಿಸಿತ್ತು. ಅವನ ಹೆಸರು ಓಲೆ ಲಾರ್ಸನ್; ನಾನು ಮೂರು ವಾರ ಅದೇ ಹೆಸರಿನ, ಬೇರೆ ಯಾರದೋ ಮನೆಯ ಓಲೆ ಲಾರ್ಸನ್ ಹಿಂದೆ ಅಲೆದೆ.

ಹಡಗಿನಿಂದ ಶುರು ಮಾಡಬೇಡಿ, ಮನೆಯ ಬೀರುವಿನಿಂದ ಶುರು ಮಾಡಿ. ಬೀಗಿತ್ತಿಯವರ ಹಳೇ ಬೈಬಲ್ಲಿನ ಮೊದಲ ಹಾಳೆಯಲ್ಲಿ ಹುಟ್ಟಿದ ತಾರೀಕುಗಳಿದ್ದವು. ಮೂಲೆಯಲ್ಲಿ, ಮಾಸಿದ ಪೆನ್ಸಿಲಿನಲ್ಲಿ, ‘ಹೌಗೆನ್’.

ಆಮೇಲೆ ಅಮೆರಿಕದ 1900ರ ಜನಗಣತಿ. ಫ್ಯಾಮಿಲಿಸರ್ಚ್ ಎಂಬ ವೆಬ್‌ಸೈಟಿನಲ್ಲಿ ಪುಕ್ಕಟೆ. ಹುಟ್ಟಿದ ತಿಂಗಳು, ವರ್ಷ, ವಲಸೆ ಬಂದ ವರ್ಷ ಮೂರೂ ಇರುತ್ತವೆ. ನಾನು ತಿಂಗಳು ತಾಳೆ ನೋಡಿದ್ದರೆ ಆ ಮೂರು ವಾರ ಉಳಿಯುತ್ತಿತ್ತು. ಪಕ್ಕದ ಕಾಲಂನಲ್ಲಿ ‘ಎನ್‌ಎ’ ಎಂದರೆ ಪೌರತ್ವ ಸಿಕ್ಕಿದೆ, ‘ಪಿಎ’ ಎಂದರೆ ಮೊದಲ ಅರ್ಜಿ ಆಗಿದೆ, ‘ಎಎಲ್’ ಎಂದರೆ ಇನ್ನೂ ವಿದೇಶಿ. ಬಂದ ವರ್ಷ ಬಾಯಿಮಾತಿನದು, ಒಂದೆರಡು ವರ್ಷ ಆಚೀಚೆಯೂ ಹುಡುಕಿ. 1890ರ ಗಣತಿಯ ಆಸೆ ಬಿಡಿ. 1921ರ ಬೆಂಕಿಯಲ್ಲಿ ಕೆಟ್ಟು, ಉಳಿದಿರುವುದು ಚೂರುಪಾರು.

ನಮ್ಮವನು ಗಣತಿಯಲ್ಲಿ ಬರೆಸಿದ್ದು 1883. ಮನೆಯವರೆಲ್ಲ, ‘ಎಲ್ಲಿಸ್ ದ್ವೀಪದಲ್ಲಿ ಇಳಿದ, ಅಲ್ಲಿನ ಗುಮಾಸ್ತ ಹೆಸರು ಕೆಡಿಸಿದ’ ಅನ್ನುತ್ತಿದ್ದರು. ನ್ಯೂಯಾರ್ಕ್ ಬಂದರಿನ ಆ ದ್ವೀಪದಲ್ಲಿ ವಲಸಿಗರ ತಪಾಸಣೆ ಕೇಂದ್ರ ತೆರೆದದ್ದೇ 1892ರಲ್ಲಿ! 1855ರಿಂದ 1890ರವರೆಗೆ ನ್ಯೂಯಾರ್ಕಿನಲ್ಲಿ ಇಳಿದವರು ಕ್ಯಾಸಲ್ ಗಾರ್ಡನ್ ಎಂಬ ಹಳೇ ಕೇಂದ್ರದ ಮೂಲಕ ಬಂದವರು. ಇನ್ನು ಎಲ್ಲಿಸ್ ದ್ವೀಪದ ಗುಮಾಸ್ತರು ಹೊಸ ಹೆಸರು ಬರೆಯುತ್ತಲೇ ಇರಲಿಲ್ಲ. ಹಡಗಿನವರು ಮೊದಲೇ ಬರೆದು ತಂದ ಪಟ್ಟಿ ಹಿಡಿದು ತಾಳೆ ನೋಡುತ್ತಿದ್ದರು. ಗುಮಾಸ್ತರ ಪರವಾಗಿ ಇಷ್ಟು ಹೇಳಲೇಬೇಕು.

ಹೆಸರಿನ ತೊಡಕು ಬೇರೆಯೇ. ಲಾರ್ಸನ್ ಎಂದರೆ ಲಾರ್ಸನ ಮಗ. ಹೌಗೆನ್ ಅವನಿದ್ದ ಜಮೀನಿನ ಹೆಸರು. ನಮ್ಮಲ್ಲಿ ಊರಿಗೊಂದು, ಅಪ್ಪನಿಗೊಂದು ಇನಿಷಿಯಲ್ ಇದ್ದ ಹಾಗೆ. ಬೇರೆ ಜಮೀನಿಗೆ ಹೋದರೆ ಆ ಹೆಸರೂ ಬದಲು. ಖಾಯಂ ಮನೆತನದ ಹೆಸರು ಅಲ್ಲಿ ಕಡ್ಡಾಯವಾದದ್ದು 1923ರ ಕಾನೂನಿನಿಂದ. ಹಾಗಾಗಿ ಎರಡೂ ಹೆಸರಿನಲ್ಲಿ ಹುಡುಕಿ. ಹೌಗೆನ್‌ಗಳೂ ಒಂದೆರಡಲ್ಲ, ಯಾವ ಪ್ಯಾರಿಷ್‌ನದು, ಅಂದರೆ ಯಾವ ಚರ್ಚಿನ ವ್ಯಾಪ್ತಿಯದು ಎಂಬುದು ಬೇಕು. ನಮಗದು ಮಿನೆಸೋಟದ ಲುಥೆರನ್ ಚರ್ಚಿನ ಪುಸ್ತಕದಲ್ಲಿ ಸಿಕ್ಕಿತು.

ಪ್ಯಾರಿಷ್ ಗೊತ್ತಾದ ಮೇಲೆ ನಾರ್ವೆಯ ಹಳೇ ದಾಖಲೆಗಳ ವೆಬ್‌ಸೈಟ್ ಡಿಜಿಟಲಾರ್ಕಿವೆಟ್‌ಗೆ ಹೋಗಿ. ಅದೂ ಪುಕ್ಕಟೆ. ಕ್ರಿಸ್ಟಿಯಾನಿಯಾ, ಅಂದರೆ ಈಗಿನ ಓಸ್ಲೋ, ಅಲ್ಲಿನ ಪೊಲೀಸರು 1867ರಿಂದ ದೇಶ ಬಿಡುವವರನ್ನು ಬರೆದಿಟ್ಟ ಪುಸ್ತಕ ಅಲ್ಲಿದೆ. ಒಂದು ಎಚ್ಚರ: ಅದರಲ್ಲಿ ಕಾಣುವ ಹಡಗು ಎಷ್ಟೋ ಸಲ ಇಂಗ್ಲೆಂಡಿನ ಹಲ್ ಬಂದರಿನವರೆಗೆ ಮಾತ್ರ. ಅಲ್ಲಿಂದ ರೈಲಿನಲ್ಲಿ ಲಿವರ್‌ಪೂಲ್, ಅಲ್ಲಿ ಬೇರೆ ಹಡಗು. ಹಲ್‌ಗೆ ಹೋದ ಹಡಗನ್ನು ನ್ಯೂಯಾರ್ಕಿನ ಪಟ್ಟಿಯಲ್ಲಿ ಹುಡುಕಿದ ಜಾಣ ನಾನೇ.

ನ್ಯೂಯಾರ್ಕಿನಲ್ಲಿ ಸಿಗದಿದ್ದರೆ ಕೆನಡಾದ ಕ್ವಿಬೆಕ್ ಪಟ್ಟಿ ನೋಡಿ, 1865ರಿಂದ ಉಳಿದಿವೆ. ನಮ್ಮವನು ಅಲ್ಲೇ ಸಿಕ್ಕಿದ್ದು, 1882ರಲ್ಲಿ: ಓಲೆ ಲಾರ್ಸನ್, 22, ಕೂಲಿ. ಕೆಳಗಿನ ಸಾಲಿನಲ್ಲಿ ಮನೆಯವರು ಯಾರೂ ಕೇಳಿಲ್ಲದ ಒಬ್ಬ ತಂಗಿ.