ಆಫ್ ಮಾಡುವಾಗಲೇ ಕೈಕೊಡುವ ಕಂಪ್ಯೂಟರ್: ಫಾರ್ಮ್ಯಾಟ್ ಮಾಡಿಸುವ ಮುಂಚೆ ಇಷ್ಟು ನೋಡಿ

ಶಟ್‌ಡೌನ್ ಒತ್ತಿದ ಮೇಲೆ ಕಂಪ್ಯೂಟರ್ ಏನು ಮಾಡುತ್ತದೆ ಎಂದು ಕೂತು ನೋಡುವವರು ಕಡಿಮೆ. ಒತ್ತುತ್ತೇವೆ, ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ಹೋಗುತ್ತೇವೆ. ಹಾಗಾಗಿ ಈ ತೊಂದರೆ ಶುರುವಾಗಿ ಎಷ್ಟೋ ದಿನವಾದರೂ ಮನೆಯವರಿಗೆ ಗೊತ್ತೇ ಆಗಿರುವುದಿಲ್ಲ. ಬೆಳಿಗ್ಗೆ ಫ್ಯಾನ್ ತಿರುಗುತ್ತಲೇ ಇರುವುದು ಕಂಡಾಗ, ಅಥವಾ ಲಾಗಿನ್ ಸ್ಕ್ರೀನ್ ಎದುರು ಬಂದು ನಿಂತಾಗ, ಅನುಮಾನ ಬರುತ್ತದೆ.

ಹಾಸನದಲ್ಲಿ ನನ್ನದೊಂದು ಸಣ್ಣ ರಿಪೇರಿ ಅಂಗಡಿ. "ಅಕ್ಕಾ, ಆಫ್ ಮಾಡಿದ್ರೆ ಮತ್ತೆ ಆನ್ ಆಗುತ್ತೆ" ಎಂದು ಸಿಪಿಯು ಹೊತ್ತು ತರುವವರು ಅದೇ ಉಸಿರಿನಲ್ಲಿ "ಫಾರ್ಮ್ಯಾಟ್ ಹೊಡೆದುಬಿಡಿ" ಅಂತಲೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಈ ಕಾಯಿಲೆಯಲ್ಲಿ ತಪ್ಪು ಸಾಮಾನ್ಯವಾಗಿ ಒಂದು ಡ್ರೈವರ್‌ನದ್ದು, ಅಂದರೆ ವೈಫೈ, ಪ್ರಿಂಟರ್‌ನಂಥ ಒಂದು ಡಿವೈಸನ್ನು ವಿಂಡೋಸ್ ಜೊತೆ ಮಾತಾಡಿಸುವ ಸಣ್ಣ ಸಾಫ್ಟ್‌ವೇರಿನದ್ದು. ಫಾರ್ಮ್ಯಾಟ್ ಮಾಡಿದ ಮೇಲೆ ಅದೇ ಡ್ರೈವರನ್ನು ತಂದು ಮತ್ತೆ ಹಾಕುತ್ತೇವೆ. ಆಮೇಲೆ ಫೋಟೋ ಹೋಯಿತು, ನುಡಿಯಲ್ಲಿ ಟೈಪ್ ಮಾಡಿಟ್ಟ ಫೈಲ್ ಹೋಯಿತು, ತೊಂದರೆ ಮಾತ್ರ ಹಾಗೇ ಉಳಿಯಿತು. ಮನೆಯಲ್ಲೇ ಮಾಡಬಹುದಾದ ಕೆಲಸ ಬೇಕಾದಷ್ಟಿದೆ. ಇಲ್ಲಿ ಹೇಳುವುದೆಲ್ಲ ವಿಂಡೋಸ್ 10 ಮತ್ತು 11ಕ್ಕೆ.

ಮೊದಲು ಒಳಗೆ ಏನಾಗುತ್ತದೆ ಎಂದು ಸ್ವಲ್ಪ ತಿಳಿದುಕೊಳ್ಳಿ. ಆಫ್ ಆಗುವಾಗ ವಿಂಡೋಸ್ ತೆರೆದಿರುವ ಪ್ರೋಗ್ರಾಮ್‌ಗಳನ್ನು ಮುಚ್ಚುತ್ತದೆ. ಆಮೇಲೆ ಹಿನ್ನೆಲೆಯಲ್ಲಿ ಓಡುವ ಸರ್ವಿಸ್‌ಗಳನ್ನು ನಿಲ್ಲಿಸುತ್ತದೆ. ಬರೆಯುವುದು ಏನಾದರೂ ಬಾಕಿ ಇದ್ದರೆ ಡಿಸ್ಕಿಗೆ ಬರೆಯುತ್ತದೆ. ಕೊನೆಗೆ ವೈಫೈ, ಗ್ರಾಫಿಕ್ಸ್, ಯುಎಸ್‌ಬಿ ಹೀಗೆ ಒಂದೊಂದು ಡಿವೈಸ್‌ಗೂ ಆಫ್ ಆಗಲು ಹೇಳುತ್ತದೆ. ಆ ಮಾತನ್ನು ಡಿವೈಸ್‌ಗೆ ಮುಟ್ಟಿಸಿ, ಆಯಿತು ಎಂಬ ಉತ್ತರ ತರಬೇಕಾದ್ದು ಡ್ರೈವರ್. ಉತ್ತರ ಬರದಿದ್ದರೆ ವಿಂಡೋಸ್ ಸ್ವಲ್ಪ ಹೊತ್ತು ಕಾಯುತ್ತದೆ. ಆಮೇಲೆ ಕ್ರ್ಯಾಶ್ ಆಗಿ, ತಪ್ಪಿನ ಹೆಸರು ತೋರಿಸುವ ಬ್ಲೂ ಸ್ಕ್ರೀನ್ ಬರುತ್ತದೆ. 'ಡ್ರೈವರ್ ಪವರ್ ಸ್ಟೇಟ್ ಫೇಲ್ಯೂರ್' ಎಂಬ ಹೆಸರು, 9ಎಫ್ ಎಂಬ ಕೋಡ್ ಕಂಡರೆ ಇದೇ ಕಥೆ. ಅಂದಹಾಗೆ, 2025ರ ಅಪ್‌ಡೇಟ್ ಬಂದಿರುವ ವಿಂಡೋಸ್ 11ರಲ್ಲಿ ಆ ಸ್ಕ್ರೀನ್ ನೀಲಿ ಇಲ್ಲ, ಕಪ್ಪು. ಅದನ್ನು ನೋಡಿ ಮಾನಿಟರ್ ಹೋಯಿತು ಎಂದುಕೊಳ್ಳಬೇಡಿ.

ಕೆಲಸ ಶುರು ಮಾಡುವ ಮುಂಚೆ

ಬೇಕಾದ ಫೈಲ್‌ಗಳನ್ನು ಪೆನ್‌ಡ್ರೈವ್‌ಗೋ ಹೊರಗಿನ ಹಾರ್ಡ್ ಡಿಸ್ಕಿಗೋ ಕಾಪಿ ಮಾಡಿ, ಅದನ್ನು ತೆಗೆದಿಡಿ. ವಿಂಡೋಸ್ 11 ಲ್ಯಾಪ್‌ಟಾಪ್ ಆದರೆ ಡಿಸ್ಕಿಗೆ ಬಿಟ್‌ಲಾಕರ್ ಬೀಗ ಇರಬಹುದು. ಅದರ ರಿಕವರಿ ಕೀ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಇರುತ್ತದೆ. ಈಗಲೇ ಒಂದು ಕಾಗದದ ಮೇಲೆ ಬರೆದುಕೊಳ್ಳಿ. ಬಯೋಸ್ (ವಿಂಡೋಸ್‌ಗೂ ಮುಂಚೆ ಓಡುವ, ಮದರ್‌ಬೋರ್ಡಿನೊಳಗಿನ ಸಾಫ್ಟ್‌ವೇರ್) ಮುಟ್ಟಿದ ಮೇಲೆ ಅದನ್ನು ಕೇಳಿದರೆ ಹುಡುಕುವುದು ಕಷ್ಟ.

ಇನ್ನೊಂದು. ನಮ್ಮಲ್ಲಿ ಶಟ್‌ಡೌನ್ ಒತ್ತಿದ ಕೂಡಲೇ ಗೋಡೆಯ ಸ್ವಿಚ್ ಆಫ್ ಮಾಡುವ ಅಭ್ಯಾಸ ಜಾಸ್ತಿ. ತೊಂದರೆ ಹುಡುಕುವಷ್ಟು ದಿನ ಅದನ್ನು ಬಿಡಿ. ಲೈಟ್, ಫ್ಯಾನ್ ಎರಡೂ ನಿಂತ ಮೇಲೆಯೇ ಸ್ವಿಚ್. ತೀರಾ ನಿಂತೇ ಹೋದರೆ ಪವರ್ ಬಟನ್ ಒತ್ತಿ ಹಿಡಿಯಿರಿ, ಹತ್ತು ಸೆಕೆಂಡಿನೊಳಗೆ ಆಫ್ ಆಗುತ್ತದೆ.

ಅಡಗಿರುವ ಕ್ರ್ಯಾಶ್ ಹೊರಗೆ ಬರಲಿ

ಆಫ್ ಮಾಡಿದರೆ ರೀಸ್ಟಾರ್ಟ್ ಆಗುವ ಕಂಪ್ಯೂಟರ್‌ಗಳಲ್ಲಿ ಹಲವು ನಿಜವಾಗಿ ಕ್ರ್ಯಾಶ್ ಆಗುತ್ತಿರುತ್ತವೆ. ಆದರೆ ಕ್ರ್ಯಾಶ್ ಆದ ಕೂಡಲೇ ತಾನಾಗಿ ರೀಸ್ಟಾರ್ಟ್ ಆಗು ಎಂಬ ಟಿಕ್ ವಿಂಡೋಸ್‌ನಲ್ಲಿ ಮೊದಲಿನಿಂದಲೇ ಬಿದ್ದಿರುತ್ತದೆ. ಬ್ಲೂ ಸ್ಕ್ರೀನ್ ಮಿಂಚಿ ಮಾಯವಾಗುತ್ತದೆ.

ಸ್ಟಾರ್ಟ್ ಮೆನುವಿನಲ್ಲಿ 'ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್' ಎಂದು ಹುಡುಕಿ ತೆರೆಯಿರಿ. ಅಡ್ವಾನ್ಸ್ಡ್ ಟ್ಯಾಬ್‌ನಲ್ಲಿ 'ಸ್ಟಾರ್ಟಪ್ ಅಂಡ್ ರಿಕವರಿ' ಕೆಳಗಿನ ಸೆಟ್ಟಿಂಗ್ಸ್ ಬಟನ್ ಒತ್ತಿ. ಅಲ್ಲಿ 'ಆಟೋಮ್ಯಾಟಿಕಲಿ ರೀಸ್ಟಾರ್ಟ್' ಟಿಕ್ ತೆಗೆಯಿರಿ. ಅದರ ಕೆಳಗೆ ಡಂಪ್, ಅಂದರೆ ಕ್ರ್ಯಾಶ್ ಆದಾಗಿನ ವಿವರದ ಫೈಲ್, ಬರೆಯುವ ಆಯ್ಕೆ ಇದೆ, 'ಸ್ಮಾಲ್ ಮೆಮೊರಿ ಡಂಪ್' ಸಾಕು. ಈಗ ಶಟ್‌ಡೌನ್ ಕೊಟ್ಟು ಎದುರಿಗೇ ಕೂತಿರಿ. ಬ್ಲೂ ಸ್ಕ್ರೀನ್ ಬಂದರೆ ಅದು ಅಲ್ಲೇ ನಿಲ್ಲುತ್ತದೆ. ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ. 'ಏನೋ ನೀಲಿ ಬಂತು' ಎನ್ನುವುದಕ್ಕೂ ಈ ಫೋಟೋಗೂ ತುಂಬಾ ವ್ಯತ್ಯಾಸ.

ಟಿಕ್ ತೆಗೆದ ಮೇಲೂ ಬ್ಲೂ ಸ್ಕ್ರೀನ್ ಇಲ್ಲದೆ ಮತ್ತೆ ಆನ್ ಆಯಿತಾ? ಆಗ ಅದನ್ನು ಯಾರೋ ಎಬ್ಬಿಸುತ್ತಿರಬಹುದು. ಲ್ಯಾನ್ ಕೇಬಲ್ ಕಿತ್ತು ನೋಡಿ, ಯುಎಸ್‌ಬಿ ಮೌಸ್, ಕೀಬೋರ್ಡ್ ಕಿತ್ತು ನೋಡಿ. ಲ್ಯಾನ್ ಕಿತ್ತಾಗ ಸರಿಹೋದರೆ ಬಯೋಸ್‌ನಲ್ಲಿ 'ವೇಕ್ ಆನ್ ಲ್ಯಾನ್' ಆಫ್ ಮಾಡಿ. ಅಲ್ಲಿಗೆ ಮುಗಿಯಿತು.

ಫಾಸ್ಟ್ ಸ್ಟಾರ್ಟಪ್

ನಾನು ಮೊದಲು ಕೈ ಹಾಕುವುದು ಇದಕ್ಕೇ. ವಿಂಡೋಸ್ 8ರಿಂದ ಬಂದ ವ್ಯವಸ್ಥೆ ಇದು. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಒತ್ತಿದಾಗ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ. ನಿಮ್ಮನ್ನು ಲಾಗಾಫ್ ಮಾಡಿ, ತನ್ನ ಕರ್ನೆಲ್ (ವಿಂಡೋಸ್‌ನ ತಿರುಳು) ಮತ್ತು ಡ್ರೈವರ್‌ಗಳ ಸ್ಥಿತಿಯನ್ನು ಹಾಗೇ ಡಿಸ್ಕಿನ ಒಂದು ಫೈಲಿಗೆ ಬರೆದಿಡುತ್ತದೆ. ಮರುದಿನ ಅದನ್ನೇ ಓದಿಕೊಂಡು ಬೇಗ ಏಳುತ್ತದೆ. ಅಂದರೆ ನಿನ್ನೆ ಹದಗೆಟ್ಟ ಡ್ರೈವರ್ ಇವತ್ತೂ ಹದಗೆಟ್ಟೇ ಇರುತ್ತದೆ.

ನಂಬಿಕೆ ಬರದಿದ್ದರೆ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್‌ನಲ್ಲಿ ಸಿಪಿಯು ಒತ್ತಿ, 'ಅಪ್ ಟೈಮ್' ನೋಡಿ. ದಿನಾ ರಾತ್ರಿ ಆಫ್ ಮಾಡುವ ಕಂಪ್ಯೂಟರ್ ಅಲ್ಲಿ ಹಲವು ದಿನಗಳಿಂದ ಓಡುತ್ತಲೇ ಇದೆ ಎಂದು ತೋರಿಸುತ್ತಿರುತ್ತದೆ. ಎಷ್ಟೋ ಜನ ಇದನ್ನು ನೋಡಿ ಬೆಚ್ಚಿಬೀಳುತ್ತಾರೆ.

ಪರೀಕ್ಷೆ ಸುಲಭ. ಶಿಫ್ಟ್ ಕೀ ಒತ್ತಿ ಹಿಡಿದುಕೊಂಡೇ ಶಟ್‌ಡೌನ್ ಕ್ಲಿಕ್ ಮಾಡಿ. ಆಗ ವಿಂಡೋಸ್ ಪೂರ್ತಿ ಮುಚ್ಚುತ್ತದೆ. ರೀಸ್ಟಾರ್ಟ್ ಕೊಟ್ಟಾಗಲೂ ಪೂರ್ತಿ ಮುಚ್ಚಿಯೇ ಮತ್ತೆ ಶುರುವಾಗುತ್ತದೆ. ಇವೆರಡರಲ್ಲೂ ತೊಂದರೆ ಇಲ್ಲ, ಬರೀ ಶಟ್‌ಡೌನ್‌ನಲ್ಲಿ ಮಾತ್ರ ಇದೆ ಎಂದರೆ ಕಳ್ಳ ಸಿಕ್ಕ ಹಾಗೆ. ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, 'ಚೂಸ್ ವಾಟ್ ದ ಪವರ್ ಬಟನ್ಸ್ ಡೂ', ಅಲ್ಲಿ ಮೇಲೆ 'ಚೇಂಜ್ ಸೆಟ್ಟಿಂಗ್ಸ್ ದಟ್ ಆರ್ ಕರೆಂಟ್ಲಿ ಅನ್‌ಅವೈಲಬಲ್' ಒತ್ತಿ. ಆಗ ಕೆಳಗೆ 'ಟರ್ನ್ ಆನ್ ಫಾಸ್ಟ್ ಸ್ಟಾರ್ಟಪ್' ಟಿಕ್ ತೆಗೆಯಲು ಬರುತ್ತದೆ. ಪಕ್ಕದಲ್ಲಿ 'ರೆಕಮೆಂಡೆಡ್' ಎಂದು ಬರೆದಿರುತ್ತದೆ, ಹೆದರಬೇಡಿ. ಎಸ್‌ಎಸ್‌ಡಿ ಇರುವ ಕಂಪ್ಯೂಟರ್ ಇದಿಲ್ಲದೆಯೂ ಬೇಗ ಆನ್ ಆಗುತ್ತದೆ.

ಕಂಪ್ಯೂಟರ್ ತಾನೇ ಬರೆದಿಟ್ಟ ಡೈರಿ

ಇಷ್ಟಕ್ಕೂ ಸರಿಹೋಗದಿದ್ದರೆ ಓದುವ ಕೆಲಸ. ಸ್ಟಾರ್ಟ್ ಮೆನುವಿನಲ್ಲಿ 'ರಿಲಯಬಿಲಿಟಿ' ಎಂದು ಟೈಪ್ ಮಾಡಿದರೆ 'ವ್ಯೂ ರಿಲಯಬಿಲಿಟಿ ಹಿಸ್ಟರಿ' ಬರುತ್ತದೆ. ದಿನದಿನದ ಚಾರ್ಟ್ ಇದು. ಕ್ರ್ಯಾಶ್ ಆದ ದಿನ ಕೆಂಪು ಗುರುತು. ಮೊದಲ ಕೆಂಪು ಗುರುತು ಯಾವ ತಾರೀಕಿನದು ನೋಡಿ. ಅದೇ ದಿನ ಅಥವಾ ಹಿಂದಿನ ದಿನ ಏನು ಇನ್‌ಸ್ಟಾಲ್ ಆಗಿದೆ ಎಂಬುದೂ ಅಲ್ಲೇ ಇರುತ್ತದೆ. ಅರ್ಧ ಕೇಸು ಇಲ್ಲೇ ಬಗೆಹರಿಯುತ್ತದೆ.

ಈವೆಂಟ್ ವ್ಯೂವರ್ ಇನ್ನೂ ಸೂಕ್ಷ್ಮ. ವಿಂಡೋಸ್ ಲಾಗ್ಸ್ ಒಳಗೆ ಸಿಸ್ಟಮ್ ತೆರೆಯಿರಿ. 1074 ಎಂಬ ನಂಬರ್ ಕಂಡರೆ ಆಫ್ ಆಗಲು ಯಾರು ಹೇಳಿದರು ಎಂಬುದು ಅದರಲ್ಲಿರುತ್ತದೆ. 6006 ಕಂಡರೆ ಸರ್ವಿಸ್‌ಗಳನ್ನು ನಿಲ್ಲಿಸುವ ಹಂತಕ್ಕೆ ಬಂದು, ಲಾಗ್ ಬರೆಯುವ ಸರ್ವಿಸ್ ಕೂಡ ನಿಂತಿದೆ ಎಂದರ್ಥ. ಫಾಸ್ಟ್ ಸ್ಟಾರ್ಟಪ್ ಆಫ್ ಇದ್ದು, 1074 ಇದೆ, 6006 ಇಲ್ಲ ಎಂದರೆ ಯಾವುದೋ ಪ್ರೋಗ್ರಾಮ್ ಅಥವಾ ಸರ್ವಿಸ್ ಬಾಗಿಲಲ್ಲೇ ಅಡ್ಡ ಕೂತಿದೆ. ಎರಡೂ ಇದ್ದು ಕ್ರ್ಯಾಶ್ ಆಗಿದ್ದರೆ ಡ್ರೈವರ್, ಬಯೋಸ್, ಹಾರ್ಡ್‌ವೇರ್ ಕಡೆ ನೋಡಿ. 'ಕರ್ನೆಲ್ ಪವರ್ 41' ನೋಡಿ ಮಾತ್ರ ಗಾಬರಿಯಾಗಬೇಡಿ. ಹಿಂದಿನ ಸಲ ಸರಿಯಾಗಿ ಆಫ್ ಆಗಲಿಲ್ಲ ಎಂದಷ್ಟೇ ಅದು ಹೇಳುವುದು. ಕರೆಂಟ್ ಹೋದರೂ ಅದೇ ನಂಬರ್ ಬೀಳುತ್ತದೆ. ಅದನ್ನೇ ತೋರಿಸಿ ಹೊಸ ಎಸ್‌ಎಂಪಿಎಸ್ (ಸಿಪಿಯು ಒಳಗೆ ಕರೆಂಟ್ ಹಂಚುವ ಪವರ್ ಸಪ್ಲೈ ಪೆಟ್ಟಿಗೆ) ಮಾರುವವರೂ ಇದ್ದಾರೆ.

ಬ್ಲೂ ಸ್ಕ್ರೀನ್ ಬಂದಿದ್ದರೆ ಸಿ ಡ್ರೈವ್‌ನ ವಿಂಡೋಸ್ ಫೋಲ್ಡರಿನಲ್ಲಿ ಮಿನಿಡಂಪ್ ಎಂಬ ಫೋಲ್ಡರ್ ಇರುತ್ತದೆ. ಅದರೊಳಗಿನ ಫೈಲ್ ಓದಲು ನಿರ್‌ಸಾಫ್ಟ್‌ನ ಬ್ಲೂಸ್ಕ್ರೀನ್‌ವ್ಯೂ ಎಂಬ ಪುಕ್ಕಟೆ ಟೂಲ್ ಸಾಕು. ಅದು ಒಂದು ಡ್ರೈವರ್ ಹೆಸರು ತೋರಿಸುತ್ತದೆ. 'ಎನ್‌ವಿ' ಎಂದು ಶುರುವಾದರೆ ಸಾಮಾನ್ಯವಾಗಿ ಎನ್‌ವಿಡಿಯಾ ಗ್ರಾಫಿಕ್ಸ್. 'ಆರ್‌ಟಿ' ಎಂದಿದ್ದರೆ ರಿಯಲ್‌ಟೆಕ್‌ನ ಲ್ಯಾನ್, ವೈಫೈ ಅಥವಾ ಸೌಂಡ್ ಇರಬಹುದು. 'ಎನ್‌ಟಿಒಎಸ್‌ಕೆಆರ್‌ಎನ್‌ಎಲ್' ಎಂದು ಬಂದರೆ ಅದನ್ನು ನಂಬಬೇಡಿ. ಅದು ವಿಂಡೋಸ್‌ನ ಸ್ವಂತ ಕರ್ನೆಲ್. ಬೇರೆಯವರು ಮಾಡಿದ ತಪ್ಪು ಅದರ ತಲೆಗೆ ಬಿದ್ದಿರುತ್ತದೆ. ಆಗ ಮೈಕ್ರೋಸಾಫ್ಟ್ ಸ್ಟೋರಿನಲ್ಲಿ ಸಿಗುವ ವಿನ್‌ಡಿಬಿಜಿಯಲ್ಲಿ ಅದೇ ಫೈಲ್ ತೆರೆದರೆ ಇನ್ನೂ ಆಳಕ್ಕೆ ಹೋಗಬಹುದು.

ಒಂದು ವೈಫೈ ಡಾಂಗಲ್ ಕಥೆ

ಮನೆಯಲ್ಲಿ ಟ್ಯೂಷನ್ ಹೇಳುವ ಮೇಡಂ ಒಬ್ಬರ ಅಸೆಂಬಲ್ಡ್ ಕಂಪ್ಯೂಟರ್ ಬಂದಿತ್ತು. ಎರಡು ಕಡೆ ಫಾರ್ಮ್ಯಾಟ್ ಆಗಿತ್ತು, ರ್‍ಯಾಮ್ ಬದಲಾಗಿತ್ತು. ಆದರೂ ಆಫ್ ಮಾಡಿದರೆ ಒಮ್ಮೊಮ್ಮೆ ರೀಸ್ಟಾರ್ಟ್. ನನ್ನ ಟೇಬಲ್ ಮೇಲೆ ಎಷ್ಟು ಸಲ ಆಫ್ ಮಾಡಿದರೂ ಏನೂ ಆಗಲಿಲ್ಲ! ಮನೆಗೆ ಹೋದ ಕೂಡಲೇ ಮತ್ತೆ ಶುರು. ಕಾರಣ, ಅವರು ಸಿಪಿಯು ಮಾತ್ರ ತರುತ್ತಿದ್ದರು, ವೈಫೈ ಡಾಂಗಲ್ (ಯುಎಸ್‌ಬಿಗೆ ಚುಚ್ಚುವ ಪುಟ್ಟ ವೈಫೈ ಕಡ್ಡಿ) ಮನೆಯಲ್ಲೇ ಬಿಟ್ಟು ಬರುತ್ತಿದ್ದರು. ಡಾಂಗಲ್ ಹಾಕಿ ಆಫ್ ಮಾಡಿಸಿದಾಗ 9ಎಫ್ ಬಂತು. ಅದರ ಜೊತೆ ಬಂದ ಪುಟ್ಟ ಸಿಡಿಯಲ್ಲಿದ್ದ ಡ್ರೈವರ್ ವಿಂಡೋಸ್ 7ರ ಕಾಲದ್ದು.

ಸರಿಮಾಡಿದ ರೀತಿ ಹೀಗೆ. ಡಿವೈಸ್ ಮ್ಯಾನೇಜರ್‌ನಲ್ಲಿ ನೆಟ್‌ವರ್ಕ್ ಅಡಾಪ್ಟರ್ಸ್ ಬಿಡಿಸಿ, ಆ ಡಾಂಗಲ್ ಮೇಲೆ ರೈಟ್ ಕ್ಲಿಕ್ ಮಾಡಿ ಅನ್‌ಇನ್‌ಸ್ಟಾಲ್ ಕೊಟ್ಟೆ. ಆಗ ಡ್ರೈವರ್ ಸಾಫ್ಟ್‌ವೇರನ್ನೂ ಅಳಿಸಬೇಕೇ ಎಂಬ ಟಿಕ್ ಕೇಳುತ್ತದೆ, ಅದನ್ನು ಹಾಕಲೇಬೇಕು. ಇಲ್ಲದಿದ್ದರೆ ರೀಸ್ಟಾರ್ಟ್ ಆದ ಮೇಲೆ ಹಳೆಯದೇ ವಾಪಸ್ ಬಂದು ಕೂರುತ್ತದೆ. ಆಮೇಲೆ ವಿಂಡೋಸ್ ಅಪ್‌ಡೇಟ್ ಹೊಸ ಡ್ರೈವರ್ ಕೊಟ್ಟಿತು. ಪ್ರಾಪರ್ಟೀಸ್‌ನ ಪವರ್ ಮ್ಯಾನೇಜ್‌ಮೆಂಟ್ ಟ್ಯಾಬ್‌ನಲ್ಲಿ 'ಕರೆಂಟ್ ಉಳಿಸಲು ಈ ಡಿವೈಸ್ ಆಫ್ ಮಾಡಬಹುದು' ಎಂಬರ್ಥದ ಟಿಕ್ ಇತ್ತು. ಅದನ್ನೂ ತೆಗೆದೆ.

ನಿಮ್ಮ ಮನೆಯಲ್ಲೂ ಹೀಗೇ ಮಾಡಿ. ಪ್ರಿಂಟರ್, ವೆಬ್‌ಕ್ಯಾಮ್, ಡಾಂಗಲ್, ಯುಎಸ್‌ಬಿ ಹಬ್, ಯುಪಿಎಸ್‌ನ ಡೇಟಾ ಕೇಬಲ್ ಎಲ್ಲ ಕಿತ್ತು, ಕೀಬೋರ್ಡ್ ಮೌಸ್ ಮಾತ್ರ ಇಟ್ಟು ಆಫ್ ಮಾಡಿ. ಸರಿಹೋದರೆ ದಿನಕ್ಕೊಂದು ವಾಪಸ್ ಹಾಕಿ. ಒಂದೇ ಸಲ ಎಲ್ಲ ಹಾಕಿದರೆ ಯಾವುದರಿಂದ ಎಂದು ಗೊತ್ತಾಗುವುದಿಲ್ಲ. ಡ್ರೈವರನ್ನು ಲ್ಯಾಪ್‌ಟಾಪ್ ಅಥವಾ ಮದರ್‌ಬೋರ್ಡ್ ಕಂಪನಿಯ ಸೈಟಿನಿಂದಲೇ ತನ್ನಿ. 'ಎಲ್ಲ ಡ್ರೈವರ್ ಒಂದೇ ಕ್ಲಿಕ್‌ನಲ್ಲಿ' ಎನ್ನುವ ಸಾಫ್ಟ್‌ವೇರ್ ದಯವಿಟ್ಟು ಬೇಡ.

ಕ್ರ್ಯಾಶ್ ಅಲ್ಲ, ಬರೀ ಸುತ್ತುತ್ತಿದೆ

'ಶಟಿಂಗ್ ಡೌನ್' ಎಂದು ಚಕ್ರ ಸುತ್ತುತ್ತಲೇ ಇದ್ದರೆ ಅದು ಬೇರೆ ಜಾತಿ. ಎರಡು ಆಂಟಿವೈರಸ್ ಇದೆಯಾ ನೋಡಿ. ಲ್ಯಾಪ್‌ಟಾಪ್ ಜೊತೆ ಬಂದು ಅವಧಿ ಮುಗಿದದ್ದು ಒಂದು, ನೀವು ಹಾಕಿದ್ದು ಇನ್ನೊಂದು. ಒಂದನ್ನು ತೆಗೆಯಿರಿ. ಪ್ರಿಂಟ್ ಕೊಟ್ಟು ಅರ್ಧಕ್ಕೆ ನಿಂತ ಕೆಲಸ ಇದ್ದರೂ ಹೀಗಾಗಬಹುದು. ಸರ್ವಿಸಸ್‌ನಲ್ಲಿ ಪ್ರಿಂಟ್ ಸ್ಪೂಲರ್ (ಪ್ರಿಂಟ್ ಕೆಲಸಗಳ ಸಾಲು ನೋಡಿಕೊಳ್ಳುವ ಸರ್ವಿಸ್) ನಿಲ್ಲಿಸಿ, ಸಿಸ್ಟಮ್32 ಒಳಗಿನ ಸ್ಪೂಲ್ ಫೋಲ್ಡರಿನ ಪ್ರಿಂಟರ್ಸ್‌ನಲ್ಲಿ ಇರುವುದನ್ನೆಲ್ಲ ಅಳಿಸಿ, ಮತ್ತೆ ಶುರು ಮಾಡಿ. ಆದರೂ ಸುತ್ತಿದರೆ 'ಸಿಸ್ಟಮ್ ಕಾನ್ಫಿಗರೇಷನ್' ತೆರೆದು, ಸರ್ವಿಸಸ್ ಟ್ಯಾಬ್‌ನಲ್ಲಿ 'ಹೈಡ್ ಆಲ್ ಮೈಕ್ರೋಸಾಫ್ಟ್ ಸರ್ವಿಸಸ್' ಟಿಕ್ ಹಾಕಿ. ಅದನ್ನು ಮರೆಯಬೇಡಿ. ಉಳಿದವುಗಳಲ್ಲಿ ಅರ್ಧ ಆಫ್ ಮಾಡಿ ನೋಡಿ, ಆಮೇಲೆ ಇನ್ನರ್ಧ.

ಸ್ಕ್ರೀನ್ ಆಫ್ ಆಗಿ ಫ್ಯಾನ್ ಮಾತ್ರ ತಿರುಗುತ್ತಿದ್ದರೆ ನನ್ನ ಅನುಮಾನ ಚಿಪ್‌ಸೆಟ್ (ಮದರ್‌ಬೋರ್ಡಿನ ಮುಖ್ಯ ಚಿಪ್) ಡ್ರೈವರ್ ಮತ್ತು ಬಯೋಸ್ ಮೇಲೆ. ಬಯೋಸ್ ಅಪ್‌ಡೇಟ್ ಮಾಡುವಾಗ ಕರೆಂಟ್ ಹೋಗಬಾರದು. ಯುಪಿಎಸ್ ಇಲ್ಲದ ಮನೆಯಲ್ಲಿ ಮಳೆಗಾಲದ ಸಂಜೆ ಆ ಕೆಲಸಕ್ಕೆ ಕೂರಬೇಡಿ.

ಹಾರ್ಡ್‌ವೇರ್ ನೋಡುವುದು ಕೊನೆಗೆ. ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಟೂಲ್‌ನಲ್ಲಿ ಡಿಸ್ಕ್ 'ಕಾಷನ್' (ಎಚ್ಚರಿಕೆ) ತೋರಿಸಿದರೆ ಬೇರೆಲ್ಲ ಬಿಟ್ಟು ಮೊದಲು ಡಿಸ್ಕ್ ಬದಲಾಯಿಸಿ. ರ್‍ಯಾಮ್ ತೆಗೆದು ರಬ್ಬರ್‌ನಲ್ಲಿ ಉಜ್ಜುವುದು ನಮ್ಮ ವೃತ್ತಿಯವರ ಹಳೇ ಚಟ. ದಿನವಿಡೀ ಸರಿಯಾಗಿ ಓಡಿ, ಆಫ್ ಮಾಡುವಾಗ ಮಾತ್ರ ಕೈಕೊಡುವ ಕಂಪ್ಯೂಟರ್‌ಗೆ ಅದರಿಂದ ಲಾಭ ಕಡಿಮೆ. ಎಸ್‌ಎಂಪಿಎಸ್ ಅನುಮಾನ ಇದ್ದರೆ ಕೊಳ್ಳುವ ಮುಂಚೆ ಬೇರೆಯವರದ್ದೊಂದು ಹಾಕಿ ನೋಡಿ.

ಅಂಗಡಿಗೇ ತರುವುದಾದರೆ ಮನೆಯಲ್ಲಿ ಅದಕ್ಕೆ ಚುಚ್ಚಿರುವ ಸಾಮಾನೆಲ್ಲ ಜೊತೆಗೆ ತನ್ನಿ. ಬ್ಲೂ ಸ್ಕ್ರೀನ್ ಫೋಟೋ ತೋರಿಸಿ, ಮೊದಲ ಕೆಂಪು ಗುರುತಿನ ತಾರೀಕು ಹೇಳಿ. 'ಕೇಳದೆ ಫಾರ್ಮ್ಯಾಟ್ ಮಾಡಬಾರದು' ಎಂದು ರಸೀದಿಯ ಮೇಲೆಯೇ ಬರೆಸಿಕೊಳ್ಳಿ.