ವೆಬ್‌ಸೈಟಿನ ಆರ್ಡರು ಟ್ಯಾಲಿಗೆ ತಾನಾಗಿ ಸೇರಬೇಕೆಂದರೆ

ಚಿಕ್ಕಮಗಳೂರಿನ ಒಂದು ಕಾಫಿಪುಡಿ ಅಂಗಡಿ ಎಂದುಕೊಳ್ಳಿ. ವೆಬ್‌ಸೈಟು ವೂಕಾಮರ್ಸ್‌ನಲ್ಲಿ, ಲೆಕ್ಕ ಟ್ಯಾಲಿಪ್ರೈಮ್‌ನಲ್ಲಿ, ದಿನಕ್ಕೆ ಮೂವತ್ತು ನಲವತ್ತು ಆರ್ಡರು. ಸಂಜೆ ಯಾರೋ ಒಬ್ಬರು ಕೂತು ಒಂದೊಂದನ್ನೂ ಮತ್ತೆ ಎಂಟ್ರಿ ಮಾಡುತ್ತಾರೆ. ಇದನ್ನು ತಪ್ಪಿಸಲು ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ. ಎರಡನ್ನೂ ಬೆಸೆಯುವ ಸ್ಕ್ರಿಪ್ಟು, ಅಂದರೆ ಪ್ರೋಗ್ರಾಂ, ಸಣ್ಣದೇ. ಸಮಯ ತಿನ್ನುವುದು ಅದಕ್ಕೂ ಮೊದಲು ಹೆಸರು, ಅಳತೆಗಳನ್ನು ಸರಿಮಾಡುವ ಕೆಲಸ.

ಮೊದಲು ಯಾವ ಮಾಹಿತಿಗೆ ಯಾರು ಯಜಮಾನರು ಎಂದು ಗೊತ್ತುಮಾಡಿ. ಆರ್ಡರು ಹುಟ್ಟುವುದು ವೆಬ್‌ಸೈಟಿನಲ್ಲಿ, ಅದು ಟ್ಯಾಲಿಗೆ ಹೋಗಲಿ. ಕೌಂಟರ್ ಮಾರಾಟವೂ ಸೇರುವುದರಿಂದ ದಾಸ್ತಾನಿನ ಲೆಕ್ಕ ಟ್ಯಾಲಿಯದು, ಅದು ವೆಬ್‌ಸೈಟಿಗೆ ಬರಲಿ. ಒಂದೇ ಮಾಹಿತಿಯನ್ನು ಎರಡೂ ಕಡೆ ತಿದ್ದಲು ಬಿಟ್ಟರೆ ವಾರದೊಳಗೆ ಯಾವುದು ಸರಿಯೆಂದು ಯಾರಿಗೂ ತಿಳಿಯುವುದಿಲ್ಲ.

ಆಮೇಲೆ ಹೊಂದಾಣಿಕೆಯ ಹಾಳೆ. ಪ್ರತಿ ಸರಕಿಗೆ ಒಂದು ಸಾಲು: ವೆಬ್‌ಸೈಟಿನ ಎಸ್‌ಕೆಯು (ಸರಕಿನ ಗುರುತಿನ ಸಂಕೇತ), ಟ್ಯಾಲಿಯ ಸ್ಟಾಕ್ ಐಟಂ ಹೆಸರು, ಅಳತೆ, ಗುಣಕ, ಎಚ್‌ಎಸ್‌ಎನ್ (ತೆರಿಗೆಗಾಗಿ ಸರಕಿನ ವರ್ಗ ಸೂಚಿಸುವ ಸಂಖ್ಯೆ), ಜಿಎಸ್‌ಟಿ ದರ. ಗುಣಕವನ್ನು ಮರೆಯಬೇಡಿ. ವೆಬ್‌ಸೈಟಿನಲ್ಲಿ 250 ಗ್ರಾಂ ಪ್ಯಾಕೆಟ್, ಟ್ಯಾಲಿಯಲ್ಲಿ ಕಿಲೋ, ಗುಣಕ 0.25 ಇಲ್ಲದಿದ್ದರೆ ನಾಲ್ಕು ಪ್ಯಾಕೆಟ್ ಹೋದಾಗ ದಾಸ್ತಾನಿನಲ್ಲಿ ನಾಲ್ಕು ಕಿಲೋ ಇಳಿಯುತ್ತದೆ. ಹೆಸರಿನ ನಡುವೆ ಒಂದು ಸ್ಪೇಸ್ ಹೆಚ್ಚಾದರೂ ಟ್ಯಾಲಿಗೆ ಅದು ಗೊತ್ತಿಲ್ಲದ ಐಟಂ ಆಗಬಹುದು. ಹಾಗಾಗಿ ಕೈಯಿಂದ ಟೈಪ್ ಮಾಡದೆ ಟ್ಯಾಲಿಯಿಂದ ಎಕ್ಸ್‌ಪೋರ್ಟ್ ಮಾಡಿದ ಪಟ್ಟಿಯಿಂದಲೇ ಹೆಸರು ನಕಲಿಸಿ.

ಈ ಹಾಳೆಯನ್ನು ಎಕ್ಸೆಲ್‌ನಲ್ಲಿ ತೆರೆಯುವಾಗ ಎಚ್ಚರ. ಕಾಫಿಯ ಎಚ್‌ಎಸ್‌ಎನ್ 0901 ಸದ್ದಿಲ್ಲದೆ 901 ಆಗುತ್ತದೆ. ಚಿಕೋರಿ ಮಿಶ್ರಣದ 80:20 ಎಂಬುದನ್ನು ಎಕ್ಸೆಲ್ ಗಡಿಯಾರದ ಹೊತ್ತು ಎಂದುಕೊಳ್ಳುತ್ತದೆ. ಸಿಎಸ್‌ವಿ (ಅಲ್ಪವಿರಾಮದಿಂದ ಕಾಲಂ ಬೇರ್ಪಡಿಸಿದ ಸರಳ ಪಠ್ಯ) ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ. ಡೇಟಾ ಮೆನುವಿನಿಂದ ಒಳತಂದು, ಈ ಕಾಲಂಗಳನ್ನು ಟೆಕ್ಸ್ಟ್ ಎಂದು ಗುರುತಿಸಿ.

ಗ್ರಾಹಕರ ವಿಷಯ ಸುಲಭ. ಮನೆಬಳಕೆಗೆ ಕೊಳ್ಳುವವರಿಗೆಲ್ಲ ಒಂದೇ ಲೆಡ್ಜರ್ (ಲೆಕ್ಕದ ಖಾತೆ) ಸಾಕು, ರಾಜ್ಯದ ಹೆಸರು ಮಾತ್ರ ಪ್ರತಿ ವೋಚರಿನಲ್ಲಿರಲಿ (ವೋಚರು ಎಂದರೆ ಟ್ಯಾಲಿಯಲ್ಲಿ ಒಂದು ವ್ಯವಹಾರದ ನಮೂದು). ಜಿಎಸ್‌ಟಿಐಎನ್ (ಜಿಎಸ್‌ಟಿ ನೋಂದಣಿ ಸಂಖ್ಯೆ) ಕೊಟ್ಟವರಿಗೆ ಪ್ರತ್ಯೇಕ ಲೆಡ್ಜರ್ ಮಾಡಿ. ಆ ಸಂಖ್ಯೆ 15 ಅಕ್ಷರದ್ದೇ, ಮೊದಲ ಎರಡು ಅಂಕಿ ವಿಳಾಸದ ರಾಜ್ಯಕ್ಕೆ ಹೊಂದುತ್ತದೆಯೇ (ಕರ್ನಾಟಕಕ್ಕೆ 29) ಎಂದು ಸ್ಕ್ರಿಪ್ಟೇ ನೋಡಲಿ.

ಇನ್ನು ಪೈಸೆಯ ಕಾಟ. ಒಂದು ಕಿಲೋ ಪುಡಿಗೆ ತೆರಿಗೆ ಸೇರಿ 999 ರೂಪಾಯಿ, ದರ ಶೇ. 5 ಎಂದಿಟ್ಟುಕೊಳ್ಳಿ. ತೆರಿಗೆ ಕಳೆದ ಬೆಲೆ 951.43. ಹೊರರಾಜ್ಯದ ಆರ್ಡರಿಗೆ ಐಜಿಎಸ್‌ಟಿ 47.57, ಒಟ್ಟು ಸರಿಯಾಗಿ 999. ಅದೇ ಪೊಟ್ಟಣ ಹಾಸನಕ್ಕೆ ಹೋದರೆ ತೆರಿಗೆ ಕೇಂದ್ರ, ರಾಜ್ಯಗಳ ಎರಡು ಸಮಪಾಲಾಗಿ ಒಡೆಯುತ್ತದೆ: ಸಿಜಿಎಸ್‌ಟಿ 23.79, ಎಸ್‌ಜಿಎಸ್‌ಟಿ 23.79, ಒಟ್ಟು 999.01. ಒಂದು ಪೈಸೆ ಹೆಚ್ಚಾಯಿತು, ಡೆಬಿಟ್ ಕ್ರೆಡಿಟ್ ಕೂಡಲಿಲ್ಲ, ವೋಚರು ತಿರಸ್ಕೃತ. ಹೊರರಾಜ್ಯದ ಆರ್ಡರುಗಳೆಲ್ಲ ಸಲೀಸಾಗಿ ಸೇರಿ ನಮ್ಮ ರಾಜ್ಯದವು ಮಾತ್ರ ಅಲ್ಲೊಂದು ಇಲ್ಲೊಂದು ಬಿದ್ದುಹೋಗುತ್ತಿದ್ದರೆ ಮೊದಲು ಇದನ್ನೇ ಶಂಕಿಸಿ. ‘ರೌಂಡ್ ಆಫ್’ ಲೆಡ್ಜರಿಗೆ ವ್ಯತ್ಯಾಸವನ್ನು ಹಾಕುವ ಸಾಲೊಂದು ಸ್ಕ್ರಿಪ್ಟಿನಲ್ಲಿರಲಿ. ವ್ಯತ್ಯಾಸ ಒಂದು ರೂಪಾಯಿ ಮೀರಿದರೆ ಮಾತ್ರ ಅದು ನಿಂತು ಕೂಗಲಿ.

ಈಗ ಬೆಸುಗೆ. ಟ್ಯಾಲಿಪ್ರೈಮ್‌ನಲ್ಲಿ ಎಫ್1, ಸೆಟ್ಟಿಂಗ್ಸ್, ಕನೆಕ್ಟಿವಿಟಿಗೆ ಹೋಗಿ ಅದನ್ನು ಸರ್ವರ್ ಆಗಿ ಇಡಿ, ಪೋರ್ಟ್ (ಬೇರೆ ಪ್ರೋಗ್ರಾಂ ಟ್ಯಾಲಿಗೆ ಮಾಹಿತಿ ಕಳಿಸುವ ಬಾಗಿಲು) 9000. ಟ್ಯಾಲಿಯಲ್ಲಿ ನಿಮ್ಮ ಕಂಪನಿ ತೆರೆದೇ ಇರಬೇಕು. ಸ್ಕ್ರಿಪ್ಟು ಆರ್ಡರನ್ನು ಟ್ಯಾಲಿ ಓದಬಲ್ಲ ಎಕ್ಸ್‌ಎಂಎಲ್ ರೂಪದ ವೋಚರಾಗಿ ಈ ಪೋರ್ಟಿಗೆ ಕಳಿಸುತ್ತದೆ. ತಾರೀಖು ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ, 20250401 ಎಂಬಂತೆ. ರೂಟರಿನಲ್ಲಿ ಈ ಪೋರ್ಟನ್ನು ಹೊರಗಿನ ಇಂಟರ್ನೆಟ್ಟಿಗೆ ಎಂದಿಗೂ ತೆರೆಯಬೇಡಿ. ಟ್ಯಾಲಿಯಿಂದ ಉತ್ತರ ಬಂದ ಮಾತ್ರಕ್ಕೆ ವೋಚರು ಸೇರಿತು ಎಂದೂ ಅಲ್ಲ. ಆ ಉತ್ತರದೊಳಗಿನ ‘ಕ್ರಿಯೇಟೆಡ್’, ‘ಎರರ್ಸ್’ ಅಂಕಿಗಳನ್ನು ಓದಿ ಬರೆದಿಡಬೇಕು.

ವೂಕಾಮರ್ಸ್ ಕಡೆ ಎಡವುವ ಜಾಗಗಳು ಮೂರಿವೆ. ಆರ್ಡರ್ ಪಟ್ಟಿ ಕೇಳಿದರೆ ಅದು ಸಲಕ್ಕೆ 10 ಮಾತ್ರ ಕೊಡುತ್ತದೆ, ಕೇಳಿಕೊಂಡರೆ 100; ಪುಟ ಮುಗಿಯುವವರೆಗೂ ತರಿಸಬೇಕು. ವೆಬ್‌ಹುಕ್ (ಆರ್ಡರು ಬಂದ ಕೂಡಲೇ ವೆಬ್‌ಸೈಟು ತಾನಾಗಿ ಕಳಿಸುವ ಸಂದೇಶ) ಸತತವಾಗಿ ಐದಾರು ಸಲ ವಿಫಲವಾದರೆ ತಾನೇ ನಿಂತುಬಿಡುತ್ತದೆ, ಒಂದು ರಾತ್ರಿ ಕರೆಂಟು ಹೋದರೆ ಸಾಕು. ಹಾಗಾಗಿ ವೆಬ್‌ಹುಕ್ ಇದ್ದರೂ ದಿನಕ್ಕೊಮ್ಮೆ ಹಿಂದಿನ ಮೂರು ದಿನದ ಆರ್ಡರುಗಳನ್ನು ಮತ್ತೆ ತರಿಸಿ ನೋಡಿ. ಇನ್ನೊಂದು, ಜಿಎಂಟಿ (ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದಿರುವ) ಸಮಯದ ಕಾಲಂ ಬಳಸಿದರೆ ನಸುಕಿನ ಐದೂವರೆಯೊಳಗಿನ ಆರ್ಡರು ಹಿಂದಿನ ದಿನಕ್ಕೆ ಬೀಳುತ್ತದೆ. ಏಪ್ರಿಲ್ 1ರಂದು ಹಾಗಾದರೆ ಹಿಂದಿನ ಹಣಕಾಸು ವರ್ಷಕ್ಕೇ ಹೋಯಿತು.

ಮತ್ತೆ ತರಿಸಿದಾಗ ಒಂದೇ ಬಿಲ್ಲು ಎರಡು ಸಲ ಕೂರಬಾರದಲ್ಲ. ಆರ್ಡರ್ ನಂಬರನ್ನು ವೋಚರಿನ ರೆಫರೆನ್ಸ್‌ನಲ್ಲಿ ಇಡಿ, ಕಳಿಸಿದ್ದರ ಪಟ್ಟಿಯನ್ನು ಪ್ರತ್ಯೇಕವಾಗಿ ಉಳಿಸಿ, ಪಟ್ಟಿಯಲ್ಲಿದ್ದರೆ ಬಿಟ್ಟು ಮುಂದೆ ಹೋಗಲಿ. ಬಿಲ್ ನಂಬರ್ ಗೆರೆ, ಓರೆಗೆರೆ ಸೇರಿ 16 ಅಕ್ಷರ ಮೀರುವಂತಿಲ್ಲ ಎಂಬುದು ಜಿಎಸ್‌ಟಿ ನಿಯಮ.

ಬ್ಯಾಕಪ್ ತೆಗೆದು, ಪರೀಕ್ಷೆಗೆಂದೇ ಬೇರೆ ಕಂಪನಿ ಮಾಡಿ ಹತ್ತು ಆರ್ಡರು ಕಳಿಸಿ. ಹತ್ತೂ ಒಂದೇ ತರಹದವು ಬೇಡ: ಕೂಪನ್ ಹಾಕಿದ್ದು, ರದ್ದಾದದ್ದು, ಅರ್ಧ ವಾಪಸಾದದ್ದು, ಹೊರರಾಜ್ಯದ್ದು, ಸಾಗಣೆ ವೆಚ್ಚ ಸೇರಿದ್ದು ಎಲ್ಲವೂ ಇರಲಿ. ಟ್ಯಾಲಿಯ ಲೈಸೆನ್ಸ್ ಇಲ್ಲದ ಎಜುಕೇಷನಲ್ ಮೋಡ್‌ನಲ್ಲಿ ತಿಂಗಳಿನ 1, 2 ಮತ್ತು 31ರ ತಾರೀಖು ಮಾತ್ರ ನಡೆಯುತ್ತದೆ. ಇದು ತಿಳಿಯದೆ ಸ್ಕ್ರಿಪ್ಟಿನಲ್ಲಿ ತಪ್ಪು ಹುಡುಕುತ್ತ ಕೂರುವವರುಂಟು.

ಶುರುವಾದ ಮೇಲೆ ದಿನವೂ ಮೂರು ಅಂಕಿ ತಾಳೆ ನೋಡಿ: ಎರಡೂ ಕಡೆಯ ಬಿಲ್ಲುಗಳ ಸಂಖ್ಯೆ, ಒಟ್ಟು ಮೊತ್ತ, ಒಟ್ಟು ತೆರಿಗೆ. ಬ್ಯಾಂಕಿಗೆ ಬಂದ ಹಣವನ್ನು ಮಾರಾಟವೆಂದು ಬರೆಯಬೇಡಿ. ಪೇಮೆಂಟ್ ಗೇಟ್‌ವೇ ಶೇ. 2 ಹಿಡಿದರೆ 999ರಲ್ಲಿ 19.98, ಅದರ ಮೇಲೆ ಶೇ. 18 ಜಿಎಸ್‌ಟಿ 3.60 ಕಳೆದು ಖಾತೆಗೆ ಬರುವುದು 975.42. ಮಾರಾಟ 999 ಆಗಿಯೇ ಇರಲಿ. 19.98 ಖರ್ಚಿನ ಲೆಡ್ಜರಿಗೆ, 3.60 ಇನ್‌ಪುಟ್ ಜಿಎಸ್‌ಟಿಗೆ (ನೀವು ಕಟ್ಟಿದ, ಹೊಂದಿಸಿಕೊಳ್ಳಬಹುದಾದ ತೆರಿಗೆ) ಹೋಗಲಿ.