ಜರ್ಮನಿಯ ಬಾಡಿಗೆ ಮನೆಯಲ್ಲಿ ಬೂಷ್ಟು: ಬಣ್ಣ ಆಮೇಲೆ, ಪತ್ರ ಮೊದಲು

ಕಿಟಕಿ ಪೂರ್ತಿ ತೆರೆದು ಐದು ನಿಮಿಷ ಗಾಳಿ ಆಡಿಸಿ, ಬೀರು ಹೊರಗೋಡೆಗೆ ಅಂಟಿಸಬೇಡಿ ಎಂಬುದನ್ನೆಲ್ಲ ಪಕ್ಕದ ಮನೆಯವರು ಆಗಲೇ ಹೇಳಿರುತ್ತಾರೆ. ಅದು ಬಿಡಿ. ಚಳಿಗಾಲದಲ್ಲಿ ಮಕ್ಕಳ ಕೋಣೆಯ ಮೂಲೆಯಲ್ಲಿ ಕಪ್ಪು ಕಲೆ ಕಂಡೊಡನೆ ನಮ್ಮವರು ಏನು ಮಾಡುತ್ತಾರೆ? ಶನಿವಾರ ಬೌಮಾರ್ಕ್ಟ್‌ಗೆ (ಮನೆ ರಿಪೇರಿ ಸಾಮಾನಿನ ದೊಡ್ಡ ಅಂಗಡಿ) ಹೋಗಿ ಬಿಳಿ ಬಣ್ಣ ತಂದು ಬಳಿಯುತ್ತಾರೆ. ಮಾಲೀಕರಿಗೆ ಯಾಕೆ ತೊಂದರೆ ಅಂತ!

ಈ ಒಳ್ಳೆಯತನವೇ ಮುಳುವು. ಜರ್ಮನಿಯ ನಾಗರಿಕ ಕಾನೂನು ಸಂಹಿತೆ ಬಿಜಿಬಿಯ 536ಸಿ ಕಲಂ ಪ್ರಕಾರ ಮನೆಯಲ್ಲಿ ದೋಷ ಕಂಡ ಕೂಡಲೇ ತಿಳಿಸುವುದು ಬಾಡಿಗೆದಾರರ ಕರ್ತವ್ಯ. ಸುಮ್ಮನಿದ್ದದ್ದರಿಂದ ಹಾನಿ ಹೆಚ್ಚಾದರೆ ಅದು ನಿಮ್ಮ ತಲೆಗೆ. ಬಾಡಿಗೆ ಕಡಿತ ಕೇಳುವ ಹಕ್ಕೂ ಹೋಗುತ್ತದೆ. ಬಣ್ಣಕ್ಕೆ ಹಾಕಿದ ದುಡ್ಡೂ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ, ಯಾಕೆಂದರೆ ರಿಪೇರಿಗೆ ಮಾಲೀಕರಿಗೆ ಮೊದಲು ಅವಕಾಶ ಕೊಡಬೇಕಿತ್ತು. ಪರಿಚಯದ ಒಂದು ಕುಟುಂಬ ಪ್ರತಿ ಚಳಿಗಾಲವೂ ಬಳಿದೇ ಬಳಿಯಿತು. ಮನೆ ಬಿಡುವಾಗ ಬಣ್ಣದಡಿಯ ಗಾರೆ ಕೈಗೆ ಉದುರಿತು, ಕೌತ್ಸಿಯೋನ್‌ನಲ್ಲಿ, ಅಂದರೆ ಮುಂಗಡ ಠೇವಣಿಯಲ್ಲಿ, ದೊಡ್ಡ ಪಾಲು ಹೋಯಿತು. "ಮೊದಲೇ ಯಾಕೆ ಹೇಳಲಿಲ್ಲ?" ಎಂಬ ಪ್ರಶ್ನೆಗೆ ಅವರಲ್ಲಿ ಉತ್ತರವಿರಲಿಲ್ಲ. ತೋರಿಸಲು ಫೋಟೋ ಕೂಡ ಇರಲಿಲ್ಲ.

ಆದ್ದರಿಂದ ಮೊದಲು ಫೋಟೋ, ಪಕ್ಕದಲ್ಲಿ ಸ್ಕೇಲ್ ಇಟ್ಟು. ಆಮೇಲೆ ಪತ್ರ: ಯಾವ ಕೋಣೆ, ಯಾವಾಗ ಕಂಡಿತು, ಯಾವ ತಾರೀಖಿನೊಳಗೆ ಸರಿಮಾಡಬೇಕು. ಐನ್‌ಶ್ರೈಬನ್ (ರಿಜಿಸ್ಟರ್ಡ್) ಅಂಚೆಯಲ್ಲಿ ಕಳಿಸಿ. ಫೋನಿನಲ್ಲಿ ಹೇಳಿದ್ದಕ್ಕೆ ನಾಳೆ ಸಾಕ್ಷಿ ಇರುವುದಿಲ್ಲ.

ಉತ್ತರ ಏನು ಬರುತ್ತದೆಂದು ಈಗಲೇ ಹೇಳುತ್ತೇನೆ: "ನೀವು ಸರಿಯಾಗಿ ಗಾಳಿ ಆಡಿಸುವುದಿಲ್ಲ." ನಮ್ಮ ಅಡುಗೆಯ ಮೇಲೂ ಒಂದು ಮಾತು ಬಂದೀತು. ಹೆದರಬೇಡಿ. ಕಾರಣ ಕಟ್ಟಡದಲ್ಲಿಲ್ಲ ಎಂದು ಮೊದಲು ತೋರಿಸಬೇಕಾದವರು ಮಾಲೀಕರು. ನಿಮ್ಮ ಕಡೆಗೆ ತೇವಾಂಶ ಅಳೆಯುವ ಹೈಗ್ರೋಮೀಟರ್‌ನ ಅಂಕಿಗಳ ದಿನಚರಿ ಇರಲಿ. ಕೋಣೆಯಲ್ಲಿ 20 ಡಿಗ್ರಿ, 50 ಶೇಕಡಾ ತೇವಾಂಶ ಇದ್ದೂ ಗೋಡೆಯ ಮೈ 12.6 ಡಿಗ್ರಿಗಿಂತ ತಣ್ಣಗಿದ್ದರೆ ಬೂಷ್ಟು ಬರುವ ಅಪಾಯವಿದೆ. ಆದರೆ ಹಳೆಯ ಮನೆಗಳಲ್ಲಿ ಒಂದು ತೊಡಕು: ಕಟ್ಟಿದ ಕಾಲದ ನಿಯಮಕ್ಕೆ ಸರಿಯಾಗಿದ್ದರೆ, ಗೋಡೆ ಮೂಲೆ ತಣ್ಣಗಿದೆ ಎಂಬುದೊಂದೇ ದೋಷವಾಗುವುದಿಲ್ಲ ಎಂದು 2018ರಲ್ಲಿ ಜರ್ಮನಿಯ ಅತ್ಯುಚ್ಚ ಸಿವಿಲ್ ನ್ಯಾಯಾಲಯ ಬಿಜಿಹೆಚ್ ತೀರ್ಪು ಕೊಟ್ಟಿದೆ.

ಸಿಟ್ಟಿನಲ್ಲಿ ಬಾಡಿಗೆ ನಿಲ್ಲಿಸಲೇಬೇಡಿ. ಕಡಿತ ಕಾನೂನಿನಲ್ಲಿದೆ ನಿಜ, ಆದರೆ ಎಷ್ಟೆಂಬ ಲೆಕ್ಕ ನಿಮ್ಮ ಊಹೆ. ತಪ್ಪಿ ಬಾಕಿ ಎರಡು ತಿಂಗಳ ಬಾಡಿಗೆಯಷ್ಟಾದರೆ ನೋಟಿಸ್ ಅವಧಿಯೇ ಇಲ್ಲದೆ ಮನೆ ಬಿಡಿಸಬಹುದು. "ಉಂಟರ್ ಫೋರ್‌ಬೆಹಾಲ್ಟ್" (ವಾಪಸ್ ಕೇಳುವ ಹಕ್ಕು ಉಳಿಸಿಕೊಂಡು) ಎಂದು ಬರೆದು ಪೂರ್ತಿ ಕಟ್ಟಿ, ಆಮೇಲೆ ವಾಪಸ್ ಕೇಳಿ.

ಇಂಗ್ಲೆಂಡಿನಲ್ಲಾದರೆ ಕೌನ್ಸಿಲ್ ಅಧಿಕಾರಿ ಬಂದು ಗೋಡೆ ನೋಡುತ್ತಾರೆ. ನನಗೆ ಆ ಪದ್ಧತಿಯೇ ಮೇಲು. ಇಲ್ಲಿ ಬಹುಪಾಲು ಕಾಗದದ ಜಗಳ, ಅದೂ ಜರ್ಮನ್‌ನಲ್ಲಿ.

ಅರ್ಧ ಚದರ ಮೀಟರಿಗಿಂತ ಸಣ್ಣ ಕಲೆಯನ್ನು, ಫೋಟೋ ತೆಗೆದಾದ ಮೇಲೆ, ನೀವೇ 70 ಶೇಕಡಾ ಆಲ್ಕೋಹಾಲ್‌ನಿಂದ ಒರೆಸಬಹುದು. ಕಿಟಕಿ ತೆರೆದಿರಲಿ, ಬೆಂಕಿ ಹತ್ತಿರ ಬೇಡ. ಸುಣ್ಣದ ಗಾರೆಗೆ ವಿನೆಗರ್ ಹಾಕಿ ಪ್ರಯೋಜನವಿಲ್ಲ.

ಇನ್ನು ಬಾಡಿಗೆದಾರರ ಸಂಘವಾದ ಮೀಟರ್‌ಫೆರೈನ್‌ಗೆ ಇವತ್ತೇ ಸೇರಿ. ಜಗಳ ಶುರುವಾದ ಮೇಲೆ ಸೇರಿದವರಿಗೆ ಸಲಹೆ ಸಿಗುತ್ತದೆ, ಆ ಜಗಳದ ಕೋರ್ಟು ಖರ್ಚಿಗೆ ಸಾಮಾನ್ಯವಾಗಿ ವಿಮೆ ಸಿಗುವುದಿಲ್ಲ.